ಹದಿನೇಳನೇ ಫಾರಂ

ಹೋದ ತಿಂಗಳು ನಮ್ಮ ಕಾಲೇಜಿನ ಹುಡುಗ ಹುಡುಗಿಯರಿಗೆ ಸಮೀಕ್ಷೆ ಮಾಡುವುದನ್ನು ಕಲಿಸಲು ಮದ್ದೂರು ಸೀಮೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿಳಿದು ಹಾಲಿನ ಡೈರಿ ದಾಟುತ್ತಿದ್ದಂತೆ ಯಾರದೋ ಹುಳುವಿನ ಮನೆಯಿಂದ ವಾಸನೆ ಬಂತು. ಹೆಚ್ಚಿಟ್ಟ ಹಿಪ್ಪುನೇರಳೆ ಸೊಪ್ಪು, ತಟ್ಟೆಯಡಿ ಬಿದ್ದ ರೇಷ್ಮೆ ಹುಳುವಿನ ಹಿಕ್ಕೆ, ಹೊಸ್ತಿಲಿಗೆ ಎರಚಿದ ಸುಣ್ಣದ ಪುಡಿ, ಮೂರೂ ಕಲೆತ ವಾಸನೆ. ಮಕ್ಕಳು ಮುಂದೆ ಹೋದರು. ನಾನು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಅಲ್ಲೇ ನಿಂತೆ. ಏಳು ವರ್ಷದ ಹಿಂದೆ, ಎಂ.ಎ. ಕೊನೆಯ ವರ್ಷದಲ್ಲಿ, ಇದೇ ತಾಲ್ಲೂಕಿನ ಇನ್ನೊಂದು ಊರಿನಲ್ಲಿ ಇಂಥದೇ ಒಂದು ಮನೆಯ ಮುಂದೆ ನಾಲ್ಕು ಸಲ ನಿಂತಿದ್ದೆ. ಹೋಗಲೇಬೇಕಿದ್ದ ಒಂದು ದಿನ ಮಾತ್ರ ಹೋಗಿರಲಿಲ್ಲ.

ಅದನ್ನು ಮಕ್ಕಳಿಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರು ಬದಲಾಯಿಸಿದ್ದೇನೆ. ಆ ಮಾತು ಕೊಟ್ಟೇ ಅವರ ಮನೆಯೊಳಗೆ ಹೋಗಿದ್ದೆವು.

ಮಂಡ್ಯದಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ನಾವು ಹನ್ನೊಂದು ಜನ. ಅಲ್ಲಿಯವರೆಗೆ ರಾಜ್ಯಶಾಸ್ತ್ರ ಅಂದರೆ ನಮಗೆ ಬಾಯಿಪಾಠ. ಸಂವಿಧಾನದ ವಿಧಿಗಳು, ಚಿಂತಕರ ಹೆಸರುಗಳು, ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ. ಕೊನೆಯ ವರ್ಷ ಸಂಶೋಧನಾ ವಿಧಾನ ಅನ್ನುವ ಪತ್ರಿಕೆ ಬಂದಾಗ ಎಲ್ಲರಿಗೂ ಭಯ. ಅಂಕಿಅಂಶದ ಲೆಕ್ಕ ಇರುತ್ತದೆ ಅಂತ ಹಿಂದಿನ ಬ್ಯಾಚಿನವರು ಹೆದರಿಸಿದ್ದರು. ಆ ಪತ್ರಿಕೆ ಪಾಠ ಮಾಡಲು ಬಂದವರು ವಿಮಲಾ ಮೇಡಂ. ಅತಿಥಿ ಉಪನ್ಯಾಸಕಿ. ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ದನಿ. ಕೊನೆಯ ಬೆಂಚಿಗೆ ಕೇಳುತ್ತಿರಲಿಲ್ಲವಾದ್ದರಿಂದ, ಒಂದು ವಾರದಲ್ಲಿ ನಾವೆಲ್ಲ ಮುಂದಿನ ಎರಡು ಸಾಲಿಗೆ ಬಂದು ಕೂತಿದ್ದೆವು.

"ಸಾರಿಗೆ ಉಪ್ಪು ಹಿಡಿದಿದೆಯಾ ಅಂತ ನೋಡೋದಕ್ಕೆ ಎಷ್ಟು ಸಾರು ಬೇಕು?" ಅಂತ ಮೊದಲ ದಿನವೇ ಕೇಳಿದರು.

"ಅಂಗೈಗೆ ಒಂದು ತೊಟ್ಟು," ಅಂದೆ ನಾನು.

"ಸಾಕು. ಆದರೆ ಅದಕ್ಕೆ ಮುಂಚೆ ತಳದಿಂದ ತಿರುವಿರಬೇಕು. ತಿರುವದೆ ಮೇಲಿನದನ್ನೇ ರುಚಿ ನೋಡಿ ಊರಿಗೆಲ್ಲ ಬಡಿಸಿಬಿಡ್ತಾರೆ, ನಮ್ಮ ರಾಜಕೀಯದವರೂ, ಪೇಪರಿನವರೂ. ನೀವು ಹಾಗೆ ಮಾಡಬಾರದು."

ತಿರುವುವುದು ಹೇಗೆ ಅಂತ ಆಮೇಲೆ ಕಲಿಸಿದರು. ಮತದಾರರ ಪಟ್ಟಿ ತರಿಸಿದರು. ಒಂದರಿಂದ ಐವತ್ತರವರೆಗೆ ಚೀಟಿ ಬರೆದು ಒಂದನ್ನು ಎತ್ತಿಸಿದರು. ಆ ಸಂಖ್ಯೆಯಿಂದ ಶುರುಮಾಡಿ ಪ್ರತಿ ಐವತ್ತನೆಯ ಹೆಸರಿಗೆ ಗುರುತು ಹಾಕಬೇಕು. ಅದು ಯಾರೇ ಆಗಲಿ, ಗೌಡರ ಮನೆಯವರಾಗಲಿ, ಊರ ಹೊರಗಿನವರಾಗಲಿ, ಅವರನ್ನೇ ಹುಡುಕಿಕೊಂಡು ಹೋಗಿ ಕೇಳಬೇಕು. ಪಂಚಾಯಿತಿ, ಗ್ರಾಮಸಭೆ, ನೀರು, ರಸ್ತೆ, ಓಟು, ಇವುಗಳ ಬಗ್ಗೆ ಇಪ್ಪತ್ತು ಪ್ರಶ್ನೆ.

"ಅವರು ಮನೆಯಲ್ಲಿಲ್ಲ ಅಂತ ಪಕ್ಕದ ಮನೆಯವರನ್ನ ಕೇಳಿ ಬರಬೇಡಿ," ಅಂದರು ಮೇಡಂ. "ಮೂರು ಸಲ ಹೋಗಿ. ಮೂರು ಸಲಕ್ಕೂ ಸಿಗದಿದ್ದರೆ 'ಸಿಗಲಿಲ್ಲ' ಅಂತ ಬರೆದು ಬನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ."

ನನಗೂ ನಸೀಮಾಗೂ ಒಂದೇ ಹಳ್ಳಿ ಬಂತು. ನಸೀಮಾ ಮದ್ದೂರಿನವಳು, ಅವಳ ಅಪ್ಪ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಲೆಕ್ಕದಲ್ಲಿ ಅವಳು ಗಟ್ಟಿ, ಮಾತಿನಲ್ಲಿ ನಾನು. ಪಟ್ಟಿಯಲ್ಲಿ ಅವಳಿಗೆ ಇಪ್ಪತ್ತು ಹೆಸರು, ನನಗೆ ಇಪ್ಪತ್ತು.

ಆ ಮಳೆಗಾಲ ನಾನು ಬದುಕಿನಲ್ಲಿ ಮೊದಲ ಸಲ ಬೇರೆಯವರ ಮನೆಯ ಜಗಲಿಯ ಮೇಲೆ ಕೂತು ಅವರ ಮಾತು ಕೇಳಿದೆ. ನಾಟಿ ಮುಗಿದಿತ್ತು. ನಾಲೆಯಲ್ಲಿ ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದು ಗದ್ದೆಯಲ್ಲಿದ್ದವರನ್ನೂ ಬಿಡದೆ ಫಾರಂ ತುಂಬಿಸಿದೆ. "ಇದ್ಯಾವ್ ಪಾಲ್ಟಿ ಕಡೇದವ್ವ?" ಅಂತ ಕೇಳುತ್ತಿದ್ದ ಗಂಡಸರು, ನಾನು ಪಾರ್ಟಿಯವಳಲ್ಲ ಅಂತ ನಂಬಿದ ಮೇಲೆ ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಎರಡು ವಾರದಲ್ಲಿ ಹತ್ತೊಂಬತ್ತು ಫಾರಂ ಆಯಿತು. ಮೇಡಂ ತರಗತಿಯಲ್ಲಿ ಎಲ್ಲರ ಮುಂದೆ, "ಪವಿತ್ರಾಳ ಪಟ್ಟಿಯಲ್ಲಿ ಇಲ್ಲಿವರೆಗೆ ಒಂದೂ ಖಾಲಿ ಇಲ್ಲ ನೋಡಿ," ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಉಳಿದಿದ್ದು ಹದಿನೇಳನೇ ಹೆಸರು ಒಂದೇ. ಸಾಕಮ್ಮ, ನಲವತ್ತಾರು ವರ್ಷ, ಗಂಡ ಶಿವಣ್ಣ.

ಮೊದಲ ಸಲ ಹೋದಾಗ ಮನೆಗೆ ಬೀಗ. ಪಕ್ಕದ ಮನೆಯ ಹುಡುಗಿ, "ಮಂಗ್ಳವಾರ, ಸುಕ್ರವಾರ ಇಬ್ರೂ ಮಂಡ್ಯದ ಆಸ್ಪತ್ರೆಗೆ ಓಯ್ತಾರೆ ಅಕ್ಕ. ಡಯಾಲಿಸಿಸ್ಸು," ಅಂದಳು. ನನಗೆ ಮಧ್ಯಾಹ್ನ ತರಗತಿ ಇರದ ದಿನಗಳೂ ಅವೇ ಎರಡು. ಶುಕ್ರವಾರ ಸ್ವಲ್ಪ ತಡ ಮಾಡಿ ಹೋದೆ. ಅವರು ಆಗಷ್ಟೇ ಬಂದಿದ್ದರು. ಸಾಕಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಎಡಗೈಗೆ ಬಿಳಿ ಪಟ್ಟಿ. ಮುಖ ಊದಿಕೊಂಡಿತ್ತು, ಕಣ್ಣುಗಳು ಮಾತ್ರ ಚುರುಕಾಗಿದ್ದವು. ಒಳಗೆ ಶಿವಣ್ಣ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಸದ್ದು.

ನಾನು ಬಂದ ಕಾರಣ ಹೇಳಿದೆ.

"ನನ್ನ ಎಸ್ರು ನಿಂಗೆ ಯಾರ್ ಕೊಟ್ಟೋರು?" ಅಂದರು.

"ಯಾರೂ ಕೊಡಲಿಲ್ಲ ಅಮ್ಮ. ಚೀಟಿ ಎತ್ತಿದ ಹಾಗೆ. ಪಟ್ಟಿಯಲ್ಲಿ ನಿಮ್ಮ ಹೆಸರು ಬಂತು."

ಅವರು ಸಣ್ಣಗೆ ನಕ್ಕರು. "ಮನೆ ಕೊಡೋ ಪಟ್ಟೀಲಿ ಬರ್ನಿಲ್ಲ, ಹಸ ಕೊಡೋ ಪಟ್ಟೀಲಿ ಬರ್ನಿಲ್ಲ. ಇದ್ರಲ್ಲಾದ್ರೂ ಎದ್ದದಲ್ಲ ನನ್ನ ಎಸ್ರು." ಆಮೇಲೆ ಕೈ ನೋಡಿಕೊಂಡು ಹೇಳಿದರು. "ಇವತ್ತು ಆಗಾಕಿಲ್ಲ ಕಣವ್ವ. ಮಿಸಿನ್ನಿಂದ ಎದ್ದು ಬಂದ್ರೆ ತಲೆ ನಿಲ್ಲಕಿಲ್ಲ, ಏನಾರ ತಪ್ಪು ಏಳ್ಬುಟ್ಟೇನು. ಭಾನ್ವಾರ ಬಾ. ನಾನೆಲ್ಗೂ ಓಗಕಿಲ್ಲ, ಇಲ್ಲೇ ಇರ್ತೀನಿ."

"ಬರುತ್ತೇನೆ ಅಮ್ಮ," ಅಂದೆ.

ಭಾನುವಾರ ಬೆಳಿಗ್ಗೆಯಿಂದ ಮಳೆ. ಮದ್ದೂರಿನಲ್ಲಿ ಇಳಿದು ಹಳ್ಳಿಯ ಬಸ್ಸಿಗೆ ಕಾಯುತ್ತಾ ನಸೀಮಾಳ ಮನೆಗೆ ಹೋದೆ. ಅವಳ ಅಮ್ಮ ಊಟಕ್ಕೆ ಕೂರಿಸಿದರು. ಊಟ ಆಗುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೋಗಿತ್ತು. ಇನ್ನೊಂದು ಬಸ್ಸು ನಾಲ್ಕಕ್ಕೆ ಇತ್ತು. ಅದನ್ನು ಹಿಡಿಯಬಹುದಿತ್ತು. ಸುಳ್ಳು ಹೇಳುವುದಿಲ್ಲ, ಮಳೆ ಅಷ್ಟೇನೂ ಜೋರಾಗಿರಲಿಲ್ಲ. ಹೊಟ್ಟೆ ತುಂಬಿತ್ತು, ಮೈ ಬೆಚ್ಚಗಿತ್ತು, ಹೋಗುವ ಮನಸ್ಸಾಗಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲ ಫಾರಂ ಕೊಡಬೇಕಿತ್ತು.

"'ಸಿಗಲಿಲ್ಲ' ಅಂತ ಬರಿಯೇ," ಅಂದಳು ನಸೀಮಾ. "ನನ್ನ ಪಟ್ಟೀಲಿ ಮೂರು ಹಾಗೇ ಇವೆ. ಮೇಡಂ ಏನೂ ಅನ್ನಲ್ಲ."

ಅವಳಿಗೆ ಹೂಂ ಅಂದೆ. ಆದರೆ ಮಂಡ್ಯದ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಹದಿನೇಳನೇ ಫಾರಂ ನಾನೇ ತುಂಬಿದೆ. ಒಂದೂ ಖಾಲಿ ಇಲ್ಲ ಅಂತ ಮೇಡಂ ಹೇಳಿದ ಮಾತನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅವರ ಬಾಯಿಗೆ ಇಲ್ಲದ ಅಭಿಪ್ರಾಯ ತುರುಕುವುದು ತಪ್ಪು ಅಂತ ಅನ್ನಿಸಿ, ಎಲ್ಲ ಪ್ರಶ್ನೆಗೂ 'ಗೊತ್ತಿಲ್ಲ' ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಅದೇ ಎಲ್ಲಕ್ಕಿಂತ ಕಡಿಮೆ ಸುಳ್ಳು ಅಂತ ನನಗೆ ನಾನೇ ಹೇಳಿಕೊಂಡೆ. ಫಾರಂ ಮುಗಿದಾಗ ಬಸ್ಸು ಇನ್ನೂ ಮಂಡ್ಯ ಸೇರಿರಲಿಲ್ಲ.

ದಸರಾ ಮುಗಿದ ಮೇಲೆ ನಸೀಮಾಳ ಲ್ಯಾಪ್‌ಟಾಪಿಗೆ ಎಲ್ಲ ಫಾರಂಗಳನ್ನೂ ಅಂಕಿಯಾಗಿ ಏರಿಸಿದೆವು. ಹೌದು ಅಂದರೆ ಒಂದು, ಇಲ್ಲ ಅಂದರೆ ಎರಡು, ಯಾವ ಪ್ರಶ್ನೆಗೇ ಆಗಲಿ ಗೊತ್ತಿಲ್ಲ ಅಂದರೆ ಒಂಬತ್ತು. ನಾನು ಓದುತ್ತಿದ್ದೆ, ಅವಳು ಒತ್ತುತ್ತಿದ್ದಳು. ಹದಿನೇಳನೇ ಫಾರಂ ಬಂದಾಗ ಒಂಬತ್ತು, ಒಂಬತ್ತು, ಒಂಬತ್ತು ಅಂತ ಓದುತ್ತಾ ಹೋದೆ. ನಸೀಮಾ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಒತ್ತತೊಡಗಿದಳು.

ಕೋಷ್ಟಕಗಳು ತಯಾರಾದ ದಿನ ಮೇಡಂ ಬಹಳ ಹೊತ್ತು ನೋಡಿದರು. ಗೊತ್ತಿಲ್ಲ ಅಂದವರಲ್ಲಿ ಹೆಂಗಸರೇ ಜಾಸ್ತಿ. "ಇಲ್ಲಿಗೆ ಅಂಕಿಯ ಕೆಲಸ ಮುಗೀತು," ಅಂದರು. "ಎಷ್ಟು ಜನ ಅಂತ ಅದು ಹೇಳ್ತು. ಯಾಕೆ ಅಂತ ಹೇಳೋದಿಲ್ಲ. ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳೋಕೆ ಭಯವೋ, ನಾವು ಕೇಳಿದ ರೀತಿಯೇ ಸರಿಯಿಲ್ಲವೋ. ಅದು ತಿಳೀಬೇಕಾದರೆ ಫಾರಂ ಇಲ್ಲದೆ ಹೋಗಿ ಕೂರಬೇಕು. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ಒಂದು ಮಾತೂ ಬಿಡಬಾರದು."

ಮಾತಾಡಿಸಲು ಆರು ಜನರನ್ನು ಆರಿಸಿದರು. ಎಲ್ಲ ಪ್ರಶ್ನೆಗೂ ಗೊತ್ತಿಲ್ಲ ಅಂದವರು ಇಡೀ ತರಗತಿಯ ಫಾರಂಗಳಲ್ಲಿ ಒಬ್ಬರೇ ಇದ್ದರು.

"ಅದು ನಿನ್ನ ಹದಿನೇಳನೇ ಫಾರಂ ಅಲ್ವಾ ಪವಿತ್ರಾ? ನೀನೇ ಹೋಗು. ನಿನ್ನ ಮುಖ ಕಂಡಿದ್ದಾರೆ, ಹೆದರಲ್ಲ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೊಂದು ದಾರಿ ಹೊಳೆಯಿತು. ಹೇಗೂ ಹೋಗುತ್ತೇನೆ, ಸಾಕಮ್ಮನ ಮುಂದೆ ಕೂತು ಎಲ್ಲ ಕೇಳಿಕೊಂಡು ಬರುತ್ತೇನೆ, ಹಳೆಯ ಸುಳ್ಳು ಈ ನಿಜದಲ್ಲಿ ಮುಚ್ಚಿಹೋಗುತ್ತದೆ.

ಕಬ್ಬು ಕಡಿಯುವ ಕಾಲ ಶುರುವಾಗಿತ್ತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಬಸ್ಸು ಹಿಂದೆ ತೆವಳುತ್ತಿತ್ತು. ಬೇಕೆಂದೇ ಭಾನುವಾರ ಹೋಗಿದ್ದೆ. ಶಿವಣ್ಣ ಜಗಲಿಯಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ತಲೆ ಬೋಳಿಸಿತ್ತು, ಕೂದಲು ಈಗಷ್ಟೇ ಚಿಗುರುತ್ತಿತ್ತು. ಅದನ್ನು ಕಂಡೇ ನನಗೆ ತಿಳಿಯಿತು. ಆದರೂ ಕೇಳಿದೆ.

"ಸಾಕಮ್ಮ ಇಲ್ವಾ?"

"ತೀರ್ಕೊಂಡ್ಳು ಕಣಮ್ಮ. ದೀಪಾವಳಿ ಆದ ವಾರ." ಅವರು ನನ್ನನ್ನೇ ನೋಡಿದರು. "ನೀವು ಕಾಲೇಜಿನೋರಲ್ವಾ? ಅವತ್ತು ಬತ್ತೀನಿ ಅಂದು ಬರ್ನಿಲ್ಲ."

ಕೂರಲು ಚಾಪೆ ಹಾಕಿದರು. ಪಕ್ಕದ ಮನೆಯ ಹುಡುಗಿ ನೀರು ತಂದುಕೊಟ್ಟಳು. ನನಗೆ ಏನು ಮಾಡಬೇಕೋ ತೋಚದೆ, ಮೇಡಂ ಕಲಿಸಿದ್ದನ್ನೇ ಮಾಡಿದೆ. ನಿಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಕೇಳಿದೆ. ಮಾಡ್ಕೊಳ್ಳಿ ಅಂದರು. ಆ ದಿನದ ಬಗ್ಗೆ ಹೇಳಿ ಅಂದೆ.

"ಯಾವ್ ದಿನ, ಆ ಭಾನ್ವಾರನಾ? ಅವತ್ತು ದುದ್ದದಲ್ಲಿ ಅವಳ ತಂಗಿ ಮೊಮ್ಮಗೂಗೆ ಎಸರಿಡೋ ಸಾಸ್ತ್ರ ಇತ್ತು. ಆಟೋ ಮಾಡ್ಕೊಂಡು ಓಗವಾ ಅಂತಿದ್ದೋ. ಬ್ಯಾಡ, ಆ ಎಣ್ಣು ಮಗ ಬತ್ತೀನಿ ಅಂದದೆ, ನನ್ನ ಎಸ್ರು ಎದ್ದದೆ, ನೀನೋಗಿ ಬಾ ಅಂದ್ಳು. ನಾನೂ ಓಗ್ನಿಲ್ಲ." ಸೊಪ್ಪಿನ ಕಂತೆ ಬಿಚ್ಚುತ್ತಾ ಮುಂದುವರಿಸಿದರು. "ಅವತ್ತು ತಲೆಗೆ ನೀರಾಕೊಂಡು, ಮಗ್ಳು ಕೊಡ್ಸಿದ್ ಸೀರೆ ಉಟ್ಕಂಡು ಇಲ್ಲೇ ಕುಂತಿದ್ಳು. ನೀವು ಆಗ್ಲೇ ಬರ್ಕೊಂಡೋಗಿದ್ ಮನೆಯೋರ್ ಹತ್ರ ಏನೇನ್ ಕೇಳ್ತಾರೆ ಅಂತ ತಿಳ್ಕೊಂಡಿದ್ಳು. ಹಿಂಗ್ ಕೇಳುದ್ರೆ ಹಿಂಗೇಳ್ಬೇಕು ಅಂತ ನನ್ ಹತ್ರ ಒಪ್ಪಿಸೋಳು. ಸಂಜೆ ಬಸ್ಸೂ ಹೋಯ್ತು. ಮಳೆ ಕಣಾ, ಪಾಪ ಎಂಗ್ ಬಂದಾಳು ಅಂದ್ಳು."

"ಏನು ಹೇಳಬೇಕು ಅಂತಿದ್ದರು?"

"ಬಸ್ಸು," ಅಂದರು ಶಿವಣ್ಣ. "ನಮ್ಮೂರ್ಗೆ ಮೊದಲ್ನೇ ಬಸ್ಸು ಎಂಟೂವರೆಗೆ. ಆಸ್ಪತ್ರೇಲಿ ಏಳಕ್ಕೆ ಇರ್ಬೇಕು. ತಪ್ಪುದ್ರೆ ಮಿಸಿನ್ನು ಇನ್ನೊಬ್ರಿಗೆ. ಆಲಿನ ವ್ಯಾನಲ್ಲಿ ಕ್ಯಾನ್‌ಗಳ್ ಮಧ್ಯೆ ಕುಂದ್ರುಸ್ಕೊಂಡು ಓಯ್ತಿದ್ದೆ. ಬೆಳಗಾನೆ ಒಂದು ಬಸ್ಸು ಬೇಕು ಅಂತ ಗ್ರಾಮಸಭೇಲಿ ಎದ್ದು ಕೇಳುದ್ಳು. ಒಬ್ಳಿಗೋಸ್ಕರ ಬಸ್ಸು ಬುಡ್ತಾರಾ ಕೂತ್ಕೊಳ್ಳಮ್ಮ ಅಂದ್ರು. ಒಬ್ಳೇ ಅಲ್ಲ, ಈ ಸುತ್ತ ನಾಕೂರ್ನಲ್ಲಿ ಯಾರ್ಯಾರು ಮಿಸಿನ್ನಿಗೆ ಓಯ್ತಾರೆ ಅಂತ ಅವ್ಳೇ ವಾರ್ಡಲ್ಲಿ ಕುಂತು ಕೇಳಿ ಕೇಳಿ ಎಸ್ರು ಇಡ್ಕಂಡಿದ್ಳು. ಕಾಲೇಜಿನೋರ್ ಬರ್ಕೊಂಡೋದ್ರೆ ಮೇಲಿನೋರು ಓದ್ತಾರೆ ಅಂತ ಅವಳ್ ನಂಬ್ಕೆ."

ನನ್ನ ಫೋನಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು. ಅವತ್ತು ನಾನು ಅವರಿಗೆ ನಿಜ ಹೇಳಲಿಲ್ಲ. ಕ್ಷಮಿಸಿ, ಮಳೆ ಬಂತು ಅಂದೆ. "ಓಗ್ಲಿ ಬುಡಮ್ಮ," ಅಂದರು.

ರೆಕಾರ್ಡ್ ಆದದ್ದನ್ನು ಬರೆದಿಳಿಸಲು ನಾಲ್ಕು ದಿನ ಹಿಡಿಯಿತು. ಅವರು ಹೇಳಿದ್ದನ್ನು ಹೇಳಿದ ಹಾಗೇ. ಕೆಮ್ಮಿದ್ದು, ಸುಮ್ಮನಾದದ್ದು, ಎಲ್ಲ. 'ಅವತ್ತು ಬತ್ತೀನಿ ಅಂದು ಬರ್ನಿಲ್ಲ' ಅನ್ನುವ ಸಾಲನ್ನು ಬರೆಯಬೇಕೋ ಬೇಡವೋ ಅಂತ ಗೊಂದಲವಾಯಿತು. ಆ ಮಾತು ರೆಕಾರ್ಡಿಂಗಿಗೆ ಮುಂಚೆ ಆಡಿದ್ದು, ಬಿಟ್ಟುಬಿಡಬಹುದು. ಆದರೆ ಮುಂದಿನದೆಲ್ಲ ಆ ಕಾದ ದಿನದ ಮಾತೇ. ಅದನ್ನು ತೆಗೆದರೆ ಸಾಕಮ್ಮ ತಲೆಗೆ ನೀರು ಹಾಕಿಕೊಂಡು ಕೂತದ್ದೂ ಹೋಗುತ್ತದೆ, ಬಸ್ಸೂ ಹೋಗುತ್ತದೆ. ಎರಡು ಸಲ ಅಳಿಸಿದೆ. ಮೂರನೇ ಸಲ ಬರೆದು, ಬೆಳಿಗ್ಗೆ ಮೇಡಂ ಕೈಗೆ ಕೊಟ್ಟೆ.

ಅವರು ಸ್ಟಾಫ್ ರೂಮಿನಲ್ಲಿ ನನ್ನ ಮುಂದೆಯೇ ಓದಿದರು. ಎರಡನೇ ಪುಟದಲ್ಲಿ ಪೆನ್ಸಿಲ್ ನಿಂತಿತು. ಬೀರುವಿನಿಂದ ಫಾರಂಗಳ ಕಟ್ಟು ತೆಗೆದು, ಹದಿನೇಳನೆಯದನ್ನು ಹುಡುಕಿ, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಆ ಭಾನುವಾರ ನೀನು ಹೋಗಲಿಲ್ಲ ಅಂತ ಇದೆ. ಹಾಗಾದರೆ ಇದು ಯಾರು ಹೇಳಿದ್ದು?"

"ನಾನೇ ಬರೆದೆ ಮೇಡಂ."

"ಇದೊಂದೇನಾ, ಇನ್ನೂ ಇವೆಯಾ?"

"ಇದೊಂದೇ."

"ನಂಬಬೇಕು ಅಂತ ನನಗೆ ಆಸೆ," ಅಂದರು. "ಆದರೆ ಈಗ ನಿನ್ನ ಉಳಿದ ಹತ್ತೊಂಬತ್ತನ್ನೂ ನಾನು ಹೋಗಿ ವಿಚಾರಿಸಬೇಕು."

ಹಾಗೇ ಮಾಡಿದರು. ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ, ರಜಾ ದಿನಗಳಲ್ಲಿ, ಮಳವಳ್ಳಿಯಿಂದ ಬಂದು ನನ್ನ ಪಟ್ಟಿಯ ಹತ್ತೊಂಬತ್ತು ಮನೆಗಳಿಗೂ ಒಬ್ಬರೇ ನಡೆದರು. ಹತ್ತೊಂಬತ್ತೂ ಸರಿಯಿದ್ದವು. ನಾನು ಮತ್ತು ನಸೀಮಾ ಕೋಷ್ಟಕಗಳನ್ನೆಲ್ಲ ಮತ್ತೆ ಹಾಕಿದೆವು. ಒಂದು ಫಾರಂ ತೆಗೆದದ್ದರಿಂದ ಅಂಕಿಗಳಲ್ಲಿ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಅದರಿಂದ ನನಗೆ ಇನ್ನೂ ಸಂಕಟವಾಯಿತು.

ಪಿಎಚ್.ಡಿ.ಗೆ ಅರ್ಜಿ ಹಾಕಲು ಮೇಡಂ ನನಗೆ ಶಿಫಾರಸು ಪತ್ರ ಬರೆದುಕೊಡುತ್ತೇನೆ ಅಂದಿದ್ದರು. ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಕರೆದು ಹೇಳಿದರು. "ನಸೀಮಾಗೆ ಬರೆದುಕೊಟ್ಟಿದ್ದೀನಿ. ನಿನಗೆ ಬರೆಯೋಕೆ ಆಗಲ್ಲ. ನೀನು ಕೆಟ್ಟವಳು ಅಂತಲ್ಲ. ನನ್ನ ಸಹಿ ಕೆಳಗೆ ನಾನು ನಿಜ ಬರೀಬೇಕು." ಆಮೇಲೆ, "ನನಗೆ ಹೇಳಿದ್ದನ್ನ ಶಿವಣ್ಣ ಅವರಿಗೂ ಹೇಳಬೇಕು ನೀನು," ಅಂದರು. ಆ ವರ್ಷದ ಕೊನೆಗೆ ಅವರ ಗುತ್ತಿಗೆ ಮುಗಿಯಿತು, ಮತ್ತೆ ಕರೆಯಲಿಲ್ಲ. ಆಮೇಲೆ ಒಂದೆರಡು ಸಲ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾರೆ. ಚೆನ್ನಾಗಿ ಮಾತಾಡಿಸುತ್ತಾರೆ. ನನ್ನನ್ನು 'ನೀನು' ಅನ್ನುತ್ತಿದ್ದವರು ಈಗ 'ನೀವು' ಅನ್ನುತ್ತಾರೆ.

ನಾಲ್ಕನೇ ಸಲ ಆ ಮನೆಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ ತಲೆಯೆತ್ತಿ ಸುಮ್ಮನಿರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಒಂದು ದಿನ ಸಾಕುವವರಿಗೂ ಬಿಡುವು. ಶಿವಣ್ಣ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು.

ನಿಂತುಕೊಂಡೇ ಹೇಳಿದೆ. ಆ ಭಾನುವಾರ ಮಳೆ ಕಾರಣವಲ್ಲ ಅಂದೆ. ಬಸ್ಸಿತ್ತು, ನಾನು ಹತ್ತಲಿಲ್ಲ, ಸಾಕಮ್ಮನ ಫಾರಂ ನಾನೇ ತುಂಬಿಕೊಟ್ಟೆ ಅಂದೆ.

"ಏನಂತ ಬರುದ್ರಿ?" ಅಂದರು ಶಿವಣ್ಣ.

"ಗೊತ್ತಿಲ್ಲ ಅಂತ."

"ಎಲ್ಲಾದ್ಕೂನಾ?"

"ಎಲ್ಲದಕ್ಕೂ."

ಅವರು ಬೀದಿಯ ಕಡೆ ನೋಡುತ್ತಾ ಕೂತರು. ಬೈಯಲಿ ಅಂತ ನಾನು ಕಾಯುತ್ತಿದ್ದೆ. "ಅವಳ್ಗೆ ಗೊತ್ತಿತ್ತು ಕಣಮ್ಮ," ಅಂದರು, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಬೇಡ ಅಂತ ಹೇಳಲಿಲ್ಲ. ಅತ್ತು ಮುಗಿಯುವವರೆಗೆ ಇದ್ದು, ಆಮೇಲೆ ಕೇಳಿದರು.

"ಆ ಕಾಗ್ದ ಈಗ ಐತಾ ನಿಮ್ಮ ತಾವ?"

ಚೀಲದಲ್ಲಿ ಒಂದು ಖಾಲಿ ಫಾರಂ ಇತ್ತು. ತೆಗೆದೆ.

"ಓದಿ. ಅವಳ್ನ ಏನೇನ್ ಕೇಳಾಕೆ ಬರ್ತಿದ್ರೀ, ನಾನೂ ಕೇಳ್ತೀನಿ."

ಜಗಲಿಯ ಅಂಚಿನಲ್ಲಿ ಕೂತು ಒಂದೊಂದಾಗಿ ಓದಿದೆ. ಕೆಲವಕ್ಕೆ ಅವರು ತಕ್ಷಣ ಹೇಳಿದರು. ನಿಮ್ಮ ಊರಿಗೆ ಮೊದಲು ಆಗಬೇಕಾದ ಕೆಲಸ ಯಾವುದು ಅಂದಾಗ, ಬಸ್ಸು ಅಂತಾಳೆ ಅಂದರು. ಗ್ರಾಮಸಭೆಯಲ್ಲಿ ಎಂದಾದರೂ ಮಾತಾಡಿದ್ದೀರಾ ಅಂದಾಗ, ಎದ್ದು ನಿಂತೇ ಮಾತಾಡುದ್ಳು ಅಂತಲೇ ಬರ್ಕೊಳ್ಳಿ ಅಂದರು. ಯಾರು ಹೇಳಿದವರಿಗೆ ಓಟು ಹಾಕುತ್ತೀರಿ ಅಂದಾಗ ಮೊದಲ ಸಲ ಅವರ ಮುಖದಲ್ಲಿ ನಗು ಸುಳಿಯಿತು. "ನನ್ ಮಾತಂತೂ ಒಂದಿನಾನೂ ಕೇಳ್ನಿಲ್ಲ."

ಅವು ಯಾವ ಕೋಷ್ಟಕಕ್ಕೂ ಹೋಗುವ ಉತ್ತರಗಳಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಬರೆದುಕೊಂಡೆ. ಕೊನೆಯ ಪ್ರಶ್ನೆ ಬಂತು.

"ನಿಮ್ಮಂಥವರ ಮಾತನ್ನು ಕೇಳುವವರು ಇದ್ದಾರೆ ಅಂತ ನಿಮಗೆ ಅನ್ನಿಸುತ್ತದೆಯೇ?"

ಶಿವಣ್ಣ ಯೋಚಿಸಿದರು.

"ಇದನ್ನ ಅವಳ್ನೇ ಕೇಳ್ಬೇಕಿತ್ತು ಕಣಮ್ಮ," ಅಂದರು.